ಮಂಡಕ್ಕಿ ಒತ್ತಿದ ತಕ್ಷಣ ಗರಿಗರಿಯೋ ಮೆತ್ತಗೋ ಅಂತ ಬೆರಳಿಗೆ ಗೊತ್ತಾಗೋದು ಹೇಗೆ?

ಬೆರಳ ಚರ್ಮದಲ್ಲಿರುವ ನರದ ತುದಿಗಳಿಂದ. ಅವುಗಳ ಹೊರಪೊರೆಯಲ್ಲಿ ಪೀಜೋ 2 ಎಂಬ ಪ್ರೋಟೀನ್ ಇದೆ. ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಾಯಿಸುವುದು ಅದೇ.

ಮೂರು ತುಂಡು ಸೇರಿ ಆದ ಈ ಪ್ರೋಟೀನ್ ಸುಮ್ನೆ ಇದ್ದಾಗ ಬೋಗುಣಿಯಂತೆ ತಗ್ಗಾಗಿರುತ್ತದೆ, ಸುತ್ತಲಿನ ಪೊರೆಯನ್ನೂ ಬಗ್ಗಿಸಿಕೊಂಡಿರುತ್ತದೆ. ಒತ್ತಿದಾಗ ಪೊರೆ ಬಿಗಿಯಾಗುತ್ತದೆ, ಬೋಗುಣಿ ಚಪ್ಪಟೆಯಾಗುತ್ತದೆ, ನಡುವಿನ ಸಣ್ಣ ರಂಧ್ರ ತೆರೆಯುತ್ತದೆ. ಸೋಡಿಯಂ, ಕ್ಯಾಲ್ಸಿಯಂನ ವಿದ್ಯುತ್ ತುಂಬಿದ ಕಣಗಳು ಒಳಗೆ ನುಗ್ಗಿದರೆ ನರ ಮಿದುಳಿಗೆ ಸುದ್ದಿ ಕಳಿಸುತ್ತದೆ.

ಒತ್ತಿ ಹಿಡಿದರೂ ಈ ರಂಧ್ರ ಕ್ಷಣಾರ್ಧದಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇದು ಹೆಚ್ಚಾಗಿ ಗಮನಿಸುವುದು ಒತ್ತಡದ ಬದಲಾವಣೆಯನ್ನು. ಗರಿಗರಿ ಕಾಳು ಪಟ್ಟನೆ ಮುರಿದಾಗ ಒತ್ತಡ ಒಮ್ಮೆಲೇ ಏರಿಳಿಯುತ್ತದೆ. ಮೆತ್ತಗಾದದ್ದು ನಿಧಾನಕ್ಕೆ ಕುಗ್ಗುತ್ತದೆ. ಎರಡರ ಸಂಕೇತವೂ ಬೇರೆ ಬೇರೆ.

ಪತ್ತೆಯಾಗಿದ್ದು 2010ರಲ್ಲಿ. ಅಮೆರಿಕದಲ್ಲಿ ಆರ್ಡೆಮ್ ಪಟಪೂಟಿಯನ್ ತಂಡ ಜೀವಕೋಶಗಳನ್ನು ತೆಳು ಗಾಜಿನ ಕೊಳವೆಯಿಂದ ತಿವಿಯುತ್ತಾ, 72 ಜೀನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ಯಾವುದನ್ನು ನಿಲ್ಲಿಸಿದರೆ ಜೀವಕೋಶ ತಿವಿತಕ್ಕೆ ಸ್ಪಂದಿಸುವುದಿಲ್ಲ ಅಂತ ನೋಡಿತು. ಸಿಕ್ಕಿದ್ದು ಕೊನೆಯದರಲ್ಲಿ! ಅದು ಪೀಜೋ 1, ಅದರ ಜೊತೆಗಾರನೇ ಪೀಜೋ 2. 2021ರ ನೊಬೆಲ್ ಅನ್ನು ಅವರು ಡೇವಿಡ್ ಜೂಲಿಯಸ್ ಜೊತೆ ಹಂಚಿಕೊಂಡರು. ಜೂಲಿಯಸ್ ಕಂಡುಹಿಡಿದದ್ದು ಖಾರ ಮತ್ತು ಬಿಸಿಯನ್ನು ಗುರುತಿಸುವ ಪ್ರೋಟೀನ್. ದಾವಣಗೆರೆಯವರಿಗೆ ಇದು ಮಂಡಕ್ಕಿ-ಮೆಣಸಿನಕಾಯಿ ಜೋಡಿಗೇ ಕೊಟ್ಟ ಹಾಗಿದೆ, ಅಲ್ವಾ?

ಪೀಜೋ 2 ಕೆಲಸ ಸ್ಪರ್ಶಕ್ಕಷ್ಟೇ ಅಲ್ಲ. ಹುಟ್ಟಿನಿಂದ ಅದು ಕೆಲಸ ಮಾಡದ ಕೆಲವರಿದ್ದಾರೆ. ಕಣ್ಣು ಮುಚ್ಚಿದರೆ ಅವರಿಗೆ ತಮ್ಮ ಕೈ ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ.