ಸಂಕ್ರಾಂತಿಯ ಎತ್ತು ಕನ್ನಡ ಮಾತನಾಡಬೇಕಾದರೆ

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಶಿಕ್ಷಕಿ. ದೂರದೂರಿನಲ್ಲಿರುವ ಅಕ್ಕನ ಮಕ್ಕಳಿಗೆ ಸಂಕ್ರಾಂತಿಯ ಶುಭಾಶಯವಾಗಿ, ಸಿಂಗರಿಸಿದ ಹಳ್ಳಿಕಾರ್ ಎತ್ತೊಂದು ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎನ್ನುವ ಪುಟ್ಟ ಕಾರ್ಟೂನು ಮಾಡುತ್ತಿದ್ದೇನೆ. ಚಿತ್ರವೇನೋ ಚೆನ್ನಾಗಿ ಬಂದಿದೆ. ಆದರೆ ಅಕ್ಷರಕ್ಕೊಮ್ಮೆ ಬಾಯಿ ತೆರೆದು ಮುಚ್ಚಿಸಿದರೂ ಎತ್ತು ಮೆಲುಕು ಹಾಕಿದಂತೆ ಕಾಣುತ್ತದೆಯೇ ಹೊರತು ಮಾತನಾಡಿದಂತೆ ಕಾಣುವುದಿಲ್ಲ. ಹಣ ಕೊಟ್ಟು ತಂತ್ರಾಂಶ ಕೊಳ್ಳುವ ಅನುಕೂಲವಿಲ್ಲ. ಏನು ಮಾಡಬಹುದು?

ಉತ್ತರ: ತಂತ್ರಾಂಶದ ಚಿಂತೆ ಬಿಡಿ. ಪೆನ್ಸಿಲ್‌ ಟುಡಿ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರದ ಪದರಗಳನ್ನೂ ಧ್ವನಿಯ ಪದರವನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ನಿಮ್ಮ ಕೆಲಸಕ್ಕೆ ಅದು ಸಾಕು. ತೊಡಕಿರುವುದು ‘ಅಕ್ಷರಕ್ಕೊಮ್ಮೆ’ ಎಂಬ ನಿಮ್ಮ ಲೆಕ್ಕದಲ್ಲಿ. ಕನ್ನಡಿಯ ಮುಂದೆ ನಿಂತು ಆ ವಾಕ್ಯವನ್ನು ನಿಧಾನವಾಗಿ ಹೇಳಿ ನೋಡಿ. ಹನ್ನೊಂದು ಅಕ್ಷರಗಳಲ್ಲಿ ತುಟಿಗಳು ಕೂಡುವುದು ಎರಡೇ ಕಡೆ, ‘ಬೆ’ ಮತ್ತು ‘ಮಾ’ ಎನ್ನುವಾಗ. ಮಿಕ್ಕೆಲ್ಲ ಕಡೆ ಬಾಯಿ ಆಕಾರ ಬದಲಿಸುತ್ತದೆಯೇ ವಿನಾ ಮುಚ್ಚುವುದಿಲ್ಲ. ನೀವು ಹನ್ನೊಂದು ಸಲ ಮುಚ್ಚಿಸಿದ್ದೀರಿ, ಅದರಿಂದಲೇ ಅದು ಮೆಲುಕಾಯಿತು.

ತುಟಿ ಎಲ್ಲಿ ಕೂಡುತ್ತದೆ ಎಂಬುದನ್ನು ನಮ್ಮ ವರ್ಣಮಾಲೆ ಮೊದಲೇ ವಿಂಗಡಿಸಿಟ್ಟಿದೆ: ಪ, ಫ, ಬ, ಭ, ಮ, ಅಂದರೆ ಪವರ್ಗ. ಸೊನ್ನೆಯನ್ನು ಕಂಡೊಡನೆ ತುಟಿ ಮುಚ್ಚಿಸಬೇಡಿ. ‘ತಿಂದು’ ಎಂಬಲ್ಲಿ ಸೊನ್ನೆಯ ಉಚ್ಚಾರ ‘ನ್’ ಆದುದರಿಂದ ತುಟಿಗಳು ತೆರೆದೇ ಇರುತ್ತವೆ; ಅದೇ ‘ತುಂಬಿ’ ಎಂದಿದ್ದರೆ ಮುಚ್ಚಬೇಕಾಗುತ್ತಿತ್ತು. ಹಾಗೆಯೇ ಲಕಾರ, ಳಕಾರಗಳ ವ್ಯತ್ಯಾಸವೆಲ್ಲ ನಾಲಿಗೆಯದು, ಹೊರಗಿನಿಂದ ಕಾಣದು; ಎರಡಕ್ಕೂ ಒಂದೇ ಬಾಯಿ ಸಾಕು. ಈ ವಾಕ್ಯಕ್ಕೆ ಒಟ್ಟು ಐದು ಬಾಯಿಗಳನ್ನು ಬರೆದುಕೊಳ್ಳಿ: ಪವರ್ಗಕ್ಕೆ ಮುಚ್ಚಿದ್ದು, ಉಳಿದ ವ್ಯಂಜನಗಳಿಗೂ ಅಕಾರಕ್ಕೂ ಅರೆ ತೆರೆದದ್ದು, ‘ಮಾ, ತಾ’ಗಳಿಗೆ ಅಗಲವಾಗಿ ತೆರೆದದ್ದು, ಇಕಾರ ಎಕಾರಗಳಿಗೆ ಅಡ್ಡಕ್ಕೆ ಹರಡಿದ್ದು, ಉಕಾರ ಒಕಾರಗಳಿಗೆ ದುಂಡಗಿನದು. ಎತ್ತಿನ ತುಟಿ ನಿಜದಲ್ಲಿ ದುಂಡಗಾಗುವುದಿಲ್ಲವೆಂದು ಹಿಂಜರಿಯಬೇಡಿ. ಮೂತಿಯ ತುದಿಯನ್ನು ಸ್ವಲ್ಪ ಮುಂದಕ್ಕೆ ಚಾಚಿಸಿದರೆ ಕಣ್ಣು ಒಪ್ಪಿಕೊಳ್ಳುತ್ತದೆ.

ಇನ್ನು ಕಾಲದ ಲೆಕ್ಕ. ಸೆಕೆಂಡಿಗೆ 24 ಫ್ರೇಮುಗಳ ಸಿನಿಮಾದಲ್ಲೂ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿ, ಸೆಕೆಂಡಿಗೆ 12 ಚಿತ್ರಗಳಲ್ಲಿ ಕೆಲಸ ಮುಗಿಸುವ ರೂಢಿಯಿದೆ. ನೀವೂ ಸೆಕೆಂಡಿಗೆ 12 ಫ್ರೇಮು ಇಟ್ಟುಕೊಳ್ಳಿ. ಮೂರು ಸೆಕೆಂಡಿನ ಮಾತಿಗೆ 36 ಫ್ರೇಮುಗಳಾದವು. ಅವನ್ನು ಅಕ್ಷರಗಳಿಗೆ ಸಮನಾಗಿ ಹಂಚುವುದು ತಪ್ಪು. ತರಗತಿಯಲ್ಲಿ ನೀವು ಕಲಿಸುವ ಪ್ರಸ್ತಾರವನ್ನೇ ಇಲ್ಲಿ ಹಾಕಿ. ‘ಎಳ್ಳು’, ‘ಬೆಲ್ಲ’, ‘ತಿಂದು’, ‘ಒಳ್ಳೆ’ ಎಂಬ ನಾಲ್ಕು ಪದಗಳೂ ಒಂದು ಗುರು, ಒಂದು ಲಘುವಿನಿಂದಾಗಿ ಮೂರು ಮೂರು ಮಾತ್ರೆಗಳು. ‘ಮಾತಾಡಿ’ ಎರಡು ಗುರು, ಒಂದು ಲಘು, ಐದು ಮಾತ್ರೆಗಳು. ಒಟ್ಟು 17. ಮಾತ್ರೆಗೆ ಎರಡು ಫ್ರೇಮಿನಂತೆ 34 ಆಯಿತು, ಉಳಿದ ಎರಡರಲ್ಲಿ ಬಾಯಿ ವಿರಾಮಕ್ಕೆ ಬರುತ್ತದೆ. ಲಘು ಗುರುಗಳು ಎತ್ತಿನ ಬಾಯಿಗೂ ಇಷ್ಟು ಸರಿಹೊಂದುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆದರೂ ಪ್ರಸ್ತಾರವು ಮೊದಲ ಕರಡು ಮಾತ್ರ, ಕೊನೆಯ ತೀರ್ಪು ಧ್ವನಿಮುದ್ರಣದ್ದು. ಆದುದರಿಂದ ಧ್ವನಿಯನ್ನು ಮೊದಲು ಮುದ್ರಿಸಿ, ಆಮೇಲೆ ಬಾಯಿಗಳನ್ನು ಜೋಡಿಸಿ. ಫ್ಯಾನು ಆರಿಸಿ, ಹಾಸಿಗೆ ಬಟ್ಟೆಗಳಿರುವ ಕೋಣೆಯಲ್ಲಿ ಮೊಬೈಲಿನಲ್ಲೇ ಮುದ್ರಿಸಿದರೂ ಗೋಡೆಯ ಮಾರ್ದನಿ ಕಡಿಮೆಯಾಗುತ್ತದೆ. ಯಂತ್ರದ ಧ್ವನಿ ಬೇಡ. ಮನೆಯ ಹಿರಿಯರ ದನಿಯೇ ಆ ಮಕ್ಕಳಿಗೆ ಹಬ್ಬ. ಅವರು ನಮ್ಮ ಕಡೆಯ ಆಡುಮಾತಿನಲ್ಲಿ ‘ಎಳ್ಬೆಲ್ಲ’ ಎಂದು ಉಕಾರ ನುಂಗಿ ಹೇಳಿದರೆ ತಿದ್ದಲು ಹೋಗಬೇಡಿ, ಅಲ್ಲಿ ದುಂಡು ಬಾಯಿಯನ್ನೇ ತೆಗೆದುಬಿಡಿ. ಬರೆದ ಅಕ್ಷರಕ್ಕಲ್ಲ, ಕೇಳಿದ ಸದ್ದಿಗೆ ಬಾಯಿ ಹೊಂದಬೇಕು. ‘ಬೆ’ ಮತ್ತು ‘ಮಾ’ಗಳಿಗೆ ತುಟಿ ಮುಚ್ಚುವ ಚಿತ್ರವನ್ನು ಸದ್ದಿಗಿಂತ ಒಂದು ಫ್ರೇಮು ಮೊದಲೇ ಇಡಿ. ತುಟಿ ಕೂಡಿದ ಮೇಲೆಯೇ ಅಲ್ಲವೇ ಆ ಸದ್ದು ಸಿಡಿಯುವುದು?

ಮಾತಿನ ಉದ್ದಕ್ಕೂ ಇಡೀ ಎತ್ತನ್ನು ಮತ್ತೆ ಮತ್ತೆ ಬರೆಯುವ ಅಗತ್ಯವಿಲ್ಲ. ಅಮೆರಿಕದ ಹನ್ನಾ-ಬಾರ್ಬೆರಾ ಸಂಸ್ಥೆಯವರು ದೂರದರ್ಶನದ ಕಾರ್ಟೂನುಗಳಲ್ಲಿ ಶ್ರಮ ಉಳಿಸಲು ಪ್ರಾಣಿಪಾತ್ರಗಳ ಕೊರಳಿಗೆ ಕಾಲರು ತೊಡಿಸುತ್ತಿದ್ದರು. ಮೈ ಅಲುಗದೆ ನಿಂತಿದ್ದು ತಲೆ ಮಾತ್ರ ಆಡಿದರೂ ಜೋಡಣೆಯ ಗೆರೆ ಅದರಡಿ ಮರೆಯಾಗುತ್ತಿತ್ತು. ನಿಮ್ಮ ಎತ್ತಿಗೆ ಹಬ್ಬದ ಗೆಜ್ಜೆಪಟ್ಟಿ ಹೇಗೂ ಇದೆ. ಮೈ ಒಂದು ಪದರ, ಗೆಜ್ಜೆಪಟ್ಟಿಯ ಮೇಲಿನ ತಲೆ ಇನ್ನೊಂದು, ಬಾಯಿ ಮತ್ತೊಂದು ಎಂದು ಬೇರ್ಪಡಿಸಿ. ‘ಒಳ್ಳೆ’ ಎನ್ನುವಾಗ ತಲೆಯನ್ನು ತುಸು ಬಾಗಿಸಿ, ‘ತಿಂದು’ ಆದ ಮೇಲೆ ಒಮ್ಮೆ ಕಣ್ಣು ಮಿಟುಕಿಸಿ. ಇವೆರಡಿದ್ದರೆ ತುಟಿಯ ಸಣ್ಣಪುಟ್ಟ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬುಗಳು ಹಳ್ಳಿಕಾರ್ ತಳಿಯ ಗುರುತು, ಚೌಕಟ್ಟಿನಾಚೆಗೆ ಹೋಗದಂತೆ ಮೇಲೆ ಜಾಗ ಬಿಡಿ.

ಕೊನೆಯ ‘ಡಿ’ಯ ನಂತರ ಬಾಯಿ ಮುಚ್ಚಿದ ಚಿತ್ರವನ್ನು ಒಂದು ಸೆಕೆಂಡು ಹಾಗೆಯೇ ನಿಲ್ಲಿಸಿ. ಇಲ್ಲವಾದರೆ ವಾಟ್ಸ್ಯಾಪಿನಲ್ಲಿ ವಿಡಿಯೊ ಮುಗಿದಾಗ ಎತ್ತು ಬಾಯಿ ತೆರೆದುಕೊಂಡೇ ನಿಂತಿರುತ್ತದೆ.