ಟಿವಿ ಮೊದಲು ಬಂದಿದ್ದು ಯಾರ ಊರಿಗೆ?

ಆಳಂದದ ತಂಗೀ,

ಧಾರಾವಾಹಿ ನಿರ್ದೇಶಕ ಟಿ.ಎನ್. ಸೀತಾರಾಂ ಅವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಅಕ್ಷರ ತಪ್ಪಿಲ್ಲ. ಹೇಳಿದ ದಿನಕ್ಕಿಂತ ಮುಂಚೆಯೇ ಬಂದಿದೆ. ಧಾರಾವಾಹಿಗಳ ಪಟ್ಟಿಯನ್ನು ಶ್ರದ್ಧೆಯಿಂದ ಮಾಡಿದ್ದೀರಿ. ಹೊಗಳಿಕೆ ಇಷ್ಟೇ. ಈಗ ಸಿಟ್ಟಿಗೆ ಬರುತ್ತೇನೆ.

ನಿಮ್ಮ ಎರಡನೇ ಪ್ಯಾರಾ: "ಟಿವಿ ಎಂದರೇನೆಂದೇ ಅರಿಯದ ನಮ್ಮ ಹಿಂದುಳಿದ ಭಾಗಕ್ಕೆ ಬೆಂಗಳೂರಿನ ಧಾರಾವಾಹಿಗಳು ಹೊಸ ಬೆಳಕು ತಂದವು."

"ಅರಿಯದ". ಯಾರ್ರೀ ಅರಿಯದವರು? 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಬರುತ್ತಿತ್ತು. 'ಸೈಟ್' ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮಿಬ್ಬರ ಗುಲಬರ್ಗಾ, ಜೊತೆಗೆ ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಲೆಕ್ಕ ನೀವೇ ಹಾಕಿ.

ನನಗಾಗ ಎಂಟು ವರ್ಷ. ಚಿತ್ತಾಪುರ ಕಡೆಯ ನಮ್ಮೂರ ಶಾಲೆಯಲ್ಲಿ, ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಛತ್ರಿಯಂಥ ಆಂಟೆನಾ ನಿಲ್ಲಿಸಿದ್ದರು. ಸಂಜೆ ಮಾಸ್ತರರು ಬಂದು ಟಿವಿ ಪೆಟ್ಟಿಗೆಯ ಬೀಗ ತೆಗೆಯುವವರೆಗೆ ಅಂಗಳದಲ್ಲಿ ಕಾಯುತ್ತಿದ್ದೆವು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಕುಟುಂಬ ಯೋಜನೆ ಬಂದ ತಕ್ಷಣ ಮಾಸ್ತರರಿಗೆ ನಮ್ಮ ಬಾಯಾರಿಕೆ ನೆನಪಾಗುತ್ತಿತ್ತು. "ಹೋಗ್ರಿ, ನೀರು ಕುಡದು ಬರ್ರಿ" ಅಂತ ಓಡಿಸುತ್ತಿದ್ದರು. ಮರುವರ್ಷ ಉಪಗ್ರಹವನ್ನು ಬೇರೆ ಕಡೆ ಸರಿಸಿಕೊಂಡರು. ಪೆಟ್ಟಿಗೆ ಉಳಿಯಿತು. ಅದರ ಮೇಲೆ ಹಾಜರಿ ಪುಸ್ತಕ ಇಡತೊಡಗಿದರು.

ಇನ್ನು "ಹಿಂದುಳಿದ". ಆಳಂದದಲ್ಲಿ ಕೂತು ನಮ್ಮನ್ನು ನಾವೇ ಹೀಗೆ ಕರೆದುಕೊಳ್ಳೋದು ಯಾರನ್ನು ಮೆಚ್ಚಿಸೋಕೆ? ಈ ಪದ ಕಂಡರೆ ನನಗೆ ಯಾಕೆ ಇಷ್ಟು ಉರಿಯುತ್ತೆ ಅಂತ ಆಮೇಲೆ ಹೇಳುತ್ತೇನೆ.

ನಾಲ್ಕನೇ ಪ್ಯಾರಾ: "ವಕೀಲರಾಗಿದ್ದ ಅವರು ನಂತರ ಕಿರುತೆರೆಗೆ ಕಾಲಿಟ್ಟು, ಹಂತ ಹಂತವಾಗಿ ಬೆಳೆದು ಜನಮನ ಗೆದ್ದರು. ನಿರ್ಮಾಪಕರಾಗಿಯೂ ಯಶಸ್ವಿಯಾದರು."

"ವಕೀಲರಾಗಿದ್ದ" ಅನ್ನೋ ಕಡೆ ನಿಲ್ಲಬೇಕಿತ್ತಲ್ವಾ? ತಮ್ಮ ಧಾರಾವಾಹಿಗಳಲ್ಲಿ ಅವರೇ ಕರಿಕೋಟು ಹಾಕಿಕೊಂಡು ಸಿಎಸ್‌ಪಿ ಅನ್ನೋ ವಕೀಲರಾಗಿ ಕೋರ್ಟ್ ಸೀನಿಗೆ ಬರುತ್ತಿದ್ದರು. ಮನೆಮಂದಿಯೆಲ್ಲ ಕೂತು ಪಾಟೀಸವಾಲು ಕೇಳುವಂತೆ ಮಾಡಿದರು. ವಕೀಲಿಕೆ ಬಿಟ್ಟು ಬರೆಯಲು ಬಂದವರಲ್ಲ, ವಕೀಲಿಕೆಯನ್ನೇ ಬರವಣಿಗೆಗೆ ತಂದವರು. ನೀವು ಆ ಬಾಗಿಲ ಮುಂದೆಯೇ ಹಾದುಹೋಗಿದ್ದೀರಿ. "ಹಂತ ಹಂತವಾಗಿ" ಅಂತೀರಿ, ಒಂದು ಹಂತವನ್ನೂ ತೋರಿಸಿಲ್ಲ. 1998ರ 'ಮಾಯಾಮೃಗ' ಧಾರಾವಾಹಿಯನ್ನು ಅವರು, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದರು. ದಿನಾ ಬರುವ ಕತೆ ಅಂದರೆ ಇವತ್ತು ಬರೆದಿದ್ದನ್ನು ನಾಳೆ ನಟರು ಬಾಯಿಪಾಠ ಮಾಡಬೇಕು. ಒಬ್ಬ ನಟ ಕೈಕೊಟ್ಟರೆ ಪಾತ್ರವನ್ನು ರಾತ್ರೋರಾತ್ರಿ ದುಬೈಗೆ ಕಳಿಸಬೇಕು. ಇಂಥ ಕೆಲಸಕ್ಕೆ "ಗೆದ್ದರು" ಅನ್ನೋ ಒಂದೇ ಕ್ರಿಯಾಪದ ಸಾಕಾ?

"ನಿರ್ಮಾಪಕರಾಗಿಯೂ". ಈ "ಊ" ನೋಡಿ ನಗು ಬಂತು. 1990ರ ಸುಮಾರಿಗೆ ನಾನೂ ಬೆಂಗಳೂರಿಗೆ ಹೋಗಿ ಒಂದು ಹದಿಮೂರು ಕಂತಿನ ಧಾರಾವಾಹಿಯಲ್ಲಿ ಸಹಾಯಕನಾಗಿದ್ದೆ. ನನ್ನ ಕೆಲಸ ಕಾರ್ಬನ್ ಇಟ್ಟು ಸಂಭಾಷಣೆ ನಕಲು ಮಾಡೋದು, ನಾಲ್ಕು ಪ್ರತಿ. ನಾಲ್ಕನೆಯದು ಯಾರಿಗೂ ಓದಲು ಬರುತ್ತಿರಲಿಲ್ಲ. ಅದು ನಿರ್ಮಾಪಕರದ್ದು. ಪಾಪ, ಅವರಿಗೆ ಓದಲು ಪುರುಸೊತ್ತೆಲ್ಲಿ? ಆಗ ಪ್ರಾಯೋಜಿತ ಧಾರಾವಾಹಿಯ ನಿರ್ಮಾಪಕರೇ ದೂರದರ್ಶನಕ್ಕೆ ಪ್ರಸಾರದ ಶುಲ್ಕ ಕಟ್ಟಬೇಕಿತ್ತು. ಬದಲಿಗೆ ಸಿಗುತ್ತಿದ್ದುದು ಜಾಹೀರಾತಿಗೆ ಇಷ್ಟು ಸೆಕೆಂಡು. ಆ ಸೆಕೆಂಡುಗಳನ್ನು ಚೀಲದಲ್ಲಿ ಹಾಕಿಕೊಂಡವರ ಹಾಗೆ ಅವರು ಅಂಗಡಿ ಅಂಗಡಿ ತಿರುಗುತ್ತಿದ್ದರು. ಊದುಬತ್ತಿಯವರು ಹತ್ತು ಸೆಕೆಂಡು ಕೊಂಡ ದಿನ ಸೆಟ್ಟಿನಲ್ಲಿ ಊಟಕ್ಕೆ ಸಿಹಿ ಇರುತ್ತಿತ್ತು. ಬರೆಯೋ ಮನುಷ್ಯನೇ ನಿರ್ಮಾಪಕನೂ ಆದರೆ ಒಂದು ಮದುವೆ ಸೀನ್ ಬರೆಯುವಾಗಲೇ ನೂರು ಜನರ ಊಟದ ಖರ್ಚು ಕಣ್ಣ ಮುಂದೆ ಬರುತ್ತೆ. ಕತೆಯಲ್ಲಿ ಮದುವೆ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತೆ.

ಅಲ್ಲೇ ಒಂದು ಸಲ ನನಗೂ ಮಾತು ಬರೆಯಲು ಕೊಟ್ಟರು. ಸಾವಿನ ಮನೆಯ ಸೀನ್. ಮಗ ಸತ್ತಿದ್ದನ್ನು ಒಪ್ಪದ ಮುದುಕಿ. ನಮ್ಮ ಅಜ್ಜಿಯ ಮಾತಿನಲ್ಲೇ ಬರೆದೆ: "ಉಣ್ಣಾಕ ಬರ್ತೀನಂತ ಹೇಳಿ ಹೋಗ್ಯಾನ, ಒಲಿ ಆರಸಬ್ಯಾಡ್ರಿ." ಓದಿದ ಕೂಡಲೇ ಸೆಟ್ಟಿನಲ್ಲಿ ಎಲ್ಲರೂ ನಕ್ಕರು. "ನಿಮ್ಮ ಭಾಷೆ ಕಾಮಿಡಿಗೆ ಚೆನ್ನಾಗಿದೆ" ಅಂದರು. ಮುದುಕಿಯ ಮಾತನ್ನು ಬೆಂಗಳೂರಿನ ಕನ್ನಡಕ್ಕೆ ತಿರುಗಿಸಿ, ನನ್ನ ಸಾಲನ್ನು ಎರಡು ಕಂತು ಬಿಟ್ಟು ಒಬ್ಬ ಕೆಲಸದಾಳಿನ ಬಾಯಿಗೆ ಹಾಕಿದರು, ನಗಿಸೋಕೆ. ನಾನೂ ಸುಮ್ನೆ ಕಾರ್ಬನ್ ಇಟ್ಟು ನಾಲ್ಕು ಪ್ರತಿ ಮಾಡಿಕೊಟ್ಟೆ. ಅದಕ್ಕೇ ತಂಗೀ, "ಹಿಂದುಳಿದ" ಅಂತ ನೀವು ಬರೆದಾಗ ನಿಮ್ಮ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದ್ದು.

ಉಳಿದ ಐದು ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಆರನೇ ಪುಟದಲ್ಲಿ ಹೇಗೋ ಒಂದು ಸಾಲು ನುಸುಳಿದೆ: "ಮಾಯಾಮೃಗ ಶುರುವಾದರೆ ಅವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಬರುತ್ತಿದ್ದಳು." ಇದನ್ನು ಯಾಕೆ ಅಲ್ಲಿ ಬಚ್ಚಿಟ್ಟಿರಿ? ಅವ್ವನನ್ನು ಕೇಳಿ. ಹಂಚಿನ ಮೇಲಿನ ರೊಟ್ಟಿಯನ್ನು ಯಾರು ತಿರುವುತ್ತಿದ್ದರು? ಕರೆಂಟ್ ಹೋದರೆ ಉಳಿದ ಕತೆ ಯಾರ ಮನೆಯಲ್ಲಿ ಸಿಗುತ್ತಿತ್ತು? ಟಿವಿಯಲ್ಲಿ ಬರುತ್ತಿದ್ದ ಆ ಕಡೆಯ ಕನ್ನಡ ಕಿವಿಗೆ ಹೇಗೆ ಕೇಳಿಸುತ್ತಿತ್ತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ಹದಿನೈದು ದಿನ ಕೊಡುತ್ತೇನೆ. ಪಟ್ಟಿ ಬೇಕಿದ್ದರೆ ಕೊನೆಗಿರಲಿ, ಚಿಕ್ಕ ಅಕ್ಷರದಲ್ಲಿ ಹಾಕೋಣ.