ಫೆಂಟನಿಲ್ ಕೊಟ್ಟ ಮೇಲೂ ಗ್ಯಾಸ್ ಯಾಕೆ ಬೇಕು?

ತಂದೆಯವರನ್ನು ಪಿತ್ತಕೋಶದ ಆಪರೇಷನ್‌ಗೆ ಗದಗದಿಂದ ಹುಬ್ಬಳ್ಳಿಗೆ ಕರೆತರುತ್ತಿದ್ದೀರಿ. ನೋವು ತಗ್ಗಿಸುವ ಫೆಂಟನಿಲ್ ಇಂಜೆಕ್ಷನ್, ಎಚ್ಚರ ತಪ್ಪಿಸುವ ಸೆವೋಫ್ಲುರೇನ್ ಗ್ಯಾಸ್ ಎರಡೂ ಕೊಟ್ಟರೆ ಜಾಸ್ತಿ ಆಗುವುದಿಲ್ಲವೇ, ಒಂದೇ ಸಾಕಲ್ಲವೇ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲೇ ಅರವಳಿಕೆ ಡಾಕ್ಟರ್. ಈ ಭಯ ನನಗೆ ಚೆನ್ನಾಗಿ ಗೊತ್ತು. ಹಾವೇರಿ ಕಡೆಯಿಂದ ಬರುವವರೂ ಇದನ್ನೇ ಕೇಳುತ್ತಾರೆ.

ಇವೆರಡೂ ಒಂದರ ಬಲವನ್ನು ಇನ್ನೊಂದು ಹೆಚ್ಚಿಸುತ್ತವೆ, ನಿಜ. ಅದಕ್ಕೇ ಎರಡನ್ನೂ ಕಡಿಮೆ ಕೊಡಲು ಆಗುತ್ತದೆ. ನಲವತ್ತರ ಆಸುಪಾಸಿನವರಿಗೆ ಬರೀ ಸೆವೋಫ್ಲುರೇನ್ ಕೊಟ್ಟರೆ, ಉಸಿರಿನಲ್ಲಿ ಸುಮಾರು 2% ಇದ್ದಾಗ ಅರ್ಧದಷ್ಟು ಜನ ಚಾಕು ತಾಗಿದರೂ ಅಲುಗಾಡುವುದಿಲ್ಲ. ಈ ಮಟ್ಟಕ್ಕೆ ನಾವು ಮ್ಯಾಕ್ ಅನ್ನುತ್ತೇವೆ. ವಯಸ್ಸಾದಂತೆ ಇದು ತಾನೇ ಇಳಿಯುತ್ತದೆ. ರಕ್ತದಲ್ಲಿ ಸಾಧಾರಣ ಪ್ರಮಾಣದ ಫೆಂಟನಿಲ್ ಇದ್ದರೆ ಹೆಚ್ಚುಕಡಿಮೆ ಅರ್ಧ ಗ್ಯಾಸ್‌ಗೇ ಅಷ್ಟು ಕೆಲಸ ಆಗುತ್ತದೆ. ಗ್ಯಾಸ್ ಜಾಸ್ತಿಯಾದರೆ ರಕ್ತನಾಳ ಸಡಿಲಾಗಿ ಬಿಪಿ ಬೀಳುತ್ತದೆ. ವಯಸ್ಸಾದವರಿಗೆ ಆ ಉಳಿತಾಯ ಸಣ್ಣದಲ್ಲ. ಗಂಟಲಿಗೆ ಟ್ಯೂಬ್ ಹಾಕುವಾಗ ನಾಡಿ, ಬಿಪಿ ದಿಢೀರನೆ ಏರುವುದನ್ನೂ ಫೆಂಟನಿಲ್ ತಡೆಯುತ್ತದೆ.

ಹಾಗಾದರೆ ಫೆಂಟನಿಲ್ ಇನ್ನೂ ಏರಿಸಿ ಗ್ಯಾಸ್ ಬಿಟ್ಟೇಬಿಡಬಹುದಲ್ವಾ? ಆಗುವುದಿಲ್ಲ. ಒಂದು ಹಂತ ದಾಟಿದ ಮೇಲೆ ಎಷ್ಟು ಸುರಿದರೂ ಮ್ಯಾಕ್ ಹೆಚ್ಚೇನೂ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫೆಂಟನಿಲ್ ನೋವನ್ನು ತಗ್ಗಿಸುತ್ತದೆ, ಆದರೆ ಎಚ್ಚರ ತಪ್ಪಿಸುವ ಕೆಲಸವನ್ನು ಅದರ ಮೇಲೆ ಬಿಡುವಂತಿಲ್ಲ. ಮಾಂಸಖಂಡ ಸಡಿಲಿಸುವ ಔಷಧವನ್ನೂ ಕೊಟ್ಟಿರುತ್ತೇವೆ. ಎಚ್ಚರವಾದರೂ ರೋಗಿ ಕೈ ಎತ್ತಿ ಹೇಳಲಾರರು. ಅದಕ್ಕೇ ರೋಗಿ ಹೊರಬಿಡುವ ಉಸಿರಿನಲ್ಲಿ ಗ್ಯಾಸ್ ಎಷ್ಟಿದೆ ಎಂದು ಮಾನಿಟರ್‌ನಲ್ಲಿ ನೋಡುತ್ತಲೇ ಇರುತ್ತೇವೆ. ವಯಸ್ಸಿಗೆ ತಕ್ಕ ಮ್ಯಾಕ್‌ನ 0.7 ಪಟ್ಟಿಗಿಂತ ಕೆಳಗಿಳಿದರೆ ಅಲಾರಂ ಹೊಡೆಯುವಂತೆ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ.

ನಿಮ್ಮ ಭಯಕ್ಕೆ ಕಾರಣ ಇರುವುದು ಉಸಿರಾಟದ ವಿಷಯದಲ್ಲಿ. ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ. ಆಪರೇಷನ್ ನಡೆಯುವಾಗ ವೆಂಟಿಲೇಟರ್ ಉಸಿರಾಡಿಸುತ್ತದೆ, ಆಗ ತೊಂದರೆಯಿಲ್ಲ. ನನಗೆ ಚಿಂತೆ ಆಮೇಲಿನದು. ಸೆವೋಫ್ಲುರೇನ್ ಬಹುಪಾಲು ಕೆಲವೇ ನಿಮಿಷದಲ್ಲಿ ಉಸಿರಿನ ಜೊತೆ ಹೊರಟುಹೋಗುತ್ತದೆ. ಕೊಟ್ಟ ಒಟ್ಟು ಪ್ರಮಾಣ ಜಾಸ್ತಿಯಿದ್ದರೆ ಫೆಂಟನಿಲ್ ಬೇಗ ಹೋಗುವುದಿಲ್ಲ. ಕಣ್ಣುಬಿಟ್ಟು ಮಾತಾಡಿದವರು ಮತ್ತೆ ಮಂಪರಿಗೆ ಜಾರಿ ಉಸಿರು ನಿಧಾನವಾಗಬಹುದು. ರಿಕವರಿ ರೂಮಿನಲ್ಲಿ ಬೆರಳಿಗೆ ಕ್ಲಿಪ್ ಹಾಕಿ ಕೂರಿಸಿಕೊಳ್ಳುವುದು ಸುಮ್ನೆ ಅಲ್ಲ. ದಯವಿಟ್ಟು ವಾರ್ಡಿಗೆ ಬೇಗ ಕಳಿಸಿ ಎಂದು ಒತ್ತಾಯ ಮಾಡಬೇಡಿ. ಉಸಿರು ತೀರಾ ಕುಗ್ಗಿದರೆ ಫೆಂಟನಿಲ್‌ನ ಪರಿಣಾಮ ತಿರುಗಿಸಲು ನಲೋಕ್ಸೋನ್ ಇಂಜೆಕ್ಷನ್ ಇದೆ.

ಆಪರೇಷನ್‌ಗೆ ಮುಂಚೆ ಅರವಳಿಕೆ ಡಾಕ್ಟರ್ ಬಂದು ಮಾತಾಡಿಸುತ್ತಾರೆ. ತಂದೆಯವರು ಮಂಡಿನೋವಿಗೆ ಟ್ರಮಡಾಲ್ ನುಂಗುತ್ತಿದ್ದರೆ, ನಿದ್ದೆಗುಳಿಗೆ ಅಥವಾ ಕುಡಿತದ ಅಭ್ಯಾಸ ಇದ್ದರೆ, ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ ಆಗಲೇ ಹೇಳಿ. ತಂದೆಯವರು ಸಂಕೋಚದಿಂದ ಮುಚ್ಚಿಟ್ಟರೆ ನೀವೇ ಪಕ್ಕಕ್ಕೆ ಕರೆದು ತಿಳಿಸಿ. ಔಷಧದ ಲೆಕ್ಕವನ್ನು ಅದರ ಮೇಲೆಯೇ ಹಾಕುತ್ತೇವೆ.